ನಾಲ್ಕನೇ ಕಥೆಯ ಹೆಣ

ಬೆಳಿಗ್ಗೆ ಎದ್ದು ನೋಡಿದರೆ ಹೆಣ ಇರಲಿಲ್ಲ. ಹಜಾರದಲ್ಲಿ ಬರಿಯ ಚಟ್ಟ. ಹೆಣದ ಜೊತೆ ನಿನ್ನೆಯ ಬಾಡಿದ ಚೆಂಡುಹೂವಿನ ಹಾರವೂ ಹೋಗಿತ್ತು.

ನಿಜವಾದ ಹೆಣವಾಗಿದ್ದರೆ ಶೋಭಿತಾ ಅಷ್ಟು ಅಳುತ್ತಿರಲಿಲ್ಲವೇನೋ. ಇದು ಸ್ಪಂಜು ತುಂಬಿ, ರಬ್ಬರಿನ ಮುಖ ಅಂಟಿಸಿದ ಅಜ್ಜಿ. ನಿರ್ದೇಶಕಿಯಾಗಿ ಶೋಭಿತಾಳ ಚೊಚ್ಚಲ ಸಿನಿಮಾ ‘ಸತ್ತೋರ್ ಕೇಳ್ತಾವ್ರೆ’. ನಾಲ್ಕು ದೆವ್ವದ ಕಥೆಗಳು, ಹೆದರಿಸುತ್ತಲೇ ನಗಿಸಬೇಕು. ಮೂರು ಮುಗಿದಿದ್ದವು. ನಾಲ್ಕನೆಯದರಲ್ಲಿ ಕೊನೆಯ ಶಾಟ್ ಮಾತ್ರ ಬಾಕಿ: ಮಣ್ಣಿಗೆ ಹೊರಟ ಅಜ್ಜಿ ಚಟ್ಟದ ಮೇಲೆ ಎದ್ದು ಕೂತು ಕಾಫಿ ಕೇಳಬೇಕು. ಸಂಜೆಗೆ ಕ್ಯಾಮೆರಾ ಬೇರೆ ಚಿತ್ರದವರ ಪಾಲು. ಅಜ್ಜಿ ಏಳದಿದ್ದರೆ ಸಿನಿಮಾವೇ ಮಲಗಿದಂತೆ.

ಮಳವಳ್ಳಿ ಪೊಲೀಸರಿಗೆ ಫೋನ್ ಮಾಡಿ “ನಮ್ಮ ಹೆಣ ಕಳುವಾಗಿದೆ” ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಪುಣ್ಯಕ್ಕೆ ವನಜಾ ಅಲ್ಲೇ ಇದ್ದರು. ಮದ್ದೂರಿನ ನಿವೃತ್ತ ಹೆಡ್ ಕಾನ್‌ಸ್ಟೆಬಲ್. ಎರಡನೇ ಕಥೆಯಲ್ಲಿ ಪೊಲೀಸಮ್ಮನ ಪಾತ್ರ ಮುಗಿಸಿ, ಊಟ ಚೆನ್ನಾಗಿದೆಯೆಂದು ಉಳಿದುಕೊಂಡವರು.

“ಅಳು ನಿಲ್ಸಮ್ಮ. ಅಜ್ಜಿ ಸಿಕ್ಕೋಗಂಟ ನಾನು ಬಸ್ಸತ್ತಕಿಲ್ಲ.”

ಮೊದಲು ಸಿಕ್ಕವನು ನಾಯಕನಟ ಶ್ರೀಕಾಂತ್.

“ನಿನ್ನೆ ಅಜ್ಜೀನ ಕಾಲಲ್ಲಿ ಒದ್ದೆಯಂತೆ?”

“ಒದ್ದೆ ಮೇಡಂ. ಹೀರೋ ನಾನು — ಕ್ಲೋಸಪ್ ಎಲ್ಲ ಅದಕ್ಕೆ!”

“ಅದಕ್ಕೇ ಕದ್ದೆಯಾ?”

“ಕದ್ದು ಎಲ್ಲಿಡ್ಲಿ? ನನ್ನ ರೂಮಲ್ಲಿ ಜೀವ ಇರೋರಿಗೇ ಜಾಗ ಇಲ್ಲ.”

ಪಕ್ಕದ ಮನೆಯ ಕೆಂಪರಾಜು ಜಗಲಿಯ ಮೇಲೇ ಕಾದಿದ್ದ.

“ಸುಟ್ಟಾಕ್ತೀನಿ ಅಂದಿದ್ಯಂತಲ್ಲಪ್ಪ?”

“ಅಂದೆ ಕಣಕ್ಕ. ಬೆಳಗಾದ್ರೆ ನಮ್ಮನೆ ಮುಂದೆ ಎಣ — ಓಯ್ತದೆ, ಬತ್ತದೆ, ಓಯ್ತದೆ, ಬತ್ತದೆ. ಮಳವಳ್ಳಿ ಬಸ್ಸಾ ಅದು?”

“ಸುಟ್ಟೆಯಾ?”

“ಸುಟ್ಟಿದ್ರೆ ರಬ್ಬರ್ ವಾಸ್ನೆ ಊರ್‌ಗೆಲ್ಲ ಬತ್ತಿರ್ನಿಲ್ವಾ?”

ಬರುತ್ತಿತ್ತು. ವನಜಾ ಅಡುಗೆಮನೆಗೆ ನಡೆದರು.

ಮನೆಯೊಡತಿ ದೇವಿರಮ್ಮನೇ ಎಲ್ಲರಿಗೂ ಅಡುಗೆ ಮಾಡುತ್ತಿದ್ದಳು. ಸಿನಿಮಾದಲ್ಲಿ ಹೆಣದ ತಲೆಯ ಬಳಿ ಕೂತು ಅಳುವವಳೂ ಅವಳೇ. ಒದ್ದೆ ಕೂದಲು ಬಿಟ್ಟುಕೊಂಡು ಮುದ್ದೆ ತೊಳಸುತ್ತಿದ್ದಳು.

“ರಾತ್ರಿ ಏನಾರ ಸದ್ದು ಕೇಳ್ತಾ ದೇವಿರಮ್ಮ?”

“ಇಲ್ಲ ಕಣವ್ವ. ಉಣ್ಣಕ್ಕೆ ಕೂತ್ಕೊ.”

ಮುದ್ದೆ, ಬಸ್ಸಾರು. ಶ್ರೀಕಾಂತ್ ಮೊದಲ ತುತ್ತಿಗೇ ಮುಖ ಹಿಂಡಿದ.

“ಏನಮ್ಮ, ಬೆಳಿಗ್ಗೆ ಚಟ್ನಿ ಸಪ್ಪೆ, ಈಗ ಸಾರೂ ಸಪ್ಪೆ! ನಮ್ಮೇಲೇನು ಕೋಪ?”

ಎಲ್ಲರೂ ನಕ್ಕರು. ವನಜಾ ನಗಲಿಲ್ಲ. ಬೆರಳದ್ದಿ ನೆಕ್ಕಿದರು. ಉಪ್ಪು ಸರಿಯಾಗಿದೆ. ಖಾರ ಸರಿಯಾಗಿದೆ. ಹಾಗಾದರೆ ಇಲ್ಲದಿರುವುದೇನು? ಕೈ ತೊಳೆದು ನೇರ ಹಿತ್ತಿಲಿಗೆ ಹೋದರು. ಕಬ್ಬಿನ ಗದ್ದೆಯ ಬದುವಿನ ಪಕ್ಕ ಹೊಸ ಮಣ್ಣಿನ ಗುಡ್ಡೆ. ಅದರ ಮೇಲೆ ಬಾಡಿದ ಹಾರ.

ಮರಳಿ ಬಂದು ಪಂಕ್ತಿಯ ನಡುವೆ ನಿಂತರು.

“ಕಳ್ಳರು ಬಾಡಿದ ಹಾರ ಒಯ್ಯಲ್ಲ, ಮಣ್ಣು ಮಾಡೋರು ಒಯ್ತಾರೆ. ಮಣ್ಣು ಮಾಡಿ ಬಂದೋರು ತಲೆಗೆ ನೀರುಯ್ಕೋತಾರೆ. ಸಾವಾದ ಮನೇಲಿ ಒಗ್ಗರಣೆ ಹಾಕಲ್ಲ. ಬೆಳಿಗ್ಗೆಯಿಂದ ಸಪ್ಪೆ ಸಪ್ಪೆ ಅಂತೀರಲ್ಲ — ನೀವು ಉಂಡಿದ್ದು ಸೂತಕದೂಟ. ಯಾಕೆ ದೇವಿರಮ್ಮ?”

ದೇವಿರಮ್ಮ ಸೌಟು ಕೆಳಗಿಟ್ಟಳು.

“ಅಳು ಅಂದ್ರಿ, ಅತ್ತೆ. ನಮ್ಮವ್ವನ್ನ ನೆನ್ಸ್ಕೊಂಡು ಅತ್ತೆ. ಆಚೆಗೆ ಒತ್ಕೊಂಡೋದ್ರಿ. ಆಮೇಲೆ ‘ಇನ್ನೊಂದ್ಸಲ’ ಅಂತ ಒಳಕ್ಕೇ ತಂದ್ರಿ! ಒಸ್ಲು ದಾಟಿದ ಎಣ ತಿರ್ಗಾ ಮನೆಯೊಳಕ್ಕೆ ಬತ್ತದಾ? ಎಷ್ಟು ಸಲ ಸಾಯ್ಬೇಕು ಅವಳು?”

“ಅದು ರಬ್ಬರ್ ಅಲ್ವಾ ಅಮ್ಮ…” ಎಂದಳು ಶೋಭಿತಾ.

“ನಾನು ಅತ್ತಿದ್ದು ರಬ್ಬರಲ್ವಲ್ಲ.”

ಶೋಭಿತಾ ಹಿತ್ತಿಲ ಕಡೆ ತಿರುಗಿದಳು.

“ಅಗೆದು ತೆಗೀಬಹುದಾ? ಇದೊಂದೇ ಶಾಟ್‌ಗೆ?”

ದೇವಿರಮ್ಮ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತಳು. “ನನ್ನ ತುಳ್ಕೊಂಡೋಗಿ.”

ಬಿಸಿಲು ವಾಲುತ್ತಿತ್ತು. ಶೋಭಿತಾ ತಟ್ಟೆಯ ಸಾರನ್ನು ನೋಡಿದಳು. ಬಾಗಿಲಾಚೆಯ ಗುಡ್ಡೆಯನ್ನು ನೋಡಿದಳು. ಕಣ್ಣೊರೆಸಿಕೊಂಡು ಎದ್ದಳು.

“ಕ್ಯಾಮೆರಾ ಹಿತ್ತಿಲಿಗೆ ಬರಲಿ. ನೆಂಟರ ಪಾತ್ರದವರು ಗುಡ್ಡೆ ಮುಂದೆ ಎಡೆ ಇಡಲಿ. ಅಜ್ಜಿ ಏಳೋದು ಬೇಡ — ಮಲಗಿದಲ್ಲಿಂದಲೇ ಮಾತಾಡಲಿ.”

“ದನಿ ಯಾರ್ದು?” ಎಂದ ಶ್ರೀಕಾಂತ್.

ವನಜಾ ದೇವಿರಮ್ಮನ ಕಡೆ ನೋಡಿದರು. ಅವಳು ಸೆರಗು ಬಾಯಿಗಿಟ್ಟು ತುಸು ಯೋಚಿಸಿದಳು.

“ಕಾಫಿನೇ ಕೇಳ್ಬೇಕಾ?”

“ನಿಮಗೆ ತೋಚಿದ್ದು ಕೇಳಿ.”

ಹೊತ್ತು ಮುಳುಗುವ ಮೊದಲೇ ಕ್ಯಾಮೆರಾ ಓಡಿತು. ಎಡೆಯ ಮುಂದೆ ನೆಂಟರು ಕೈಮುಗಿದು ನಿಂತರು. ಬದುವಿನ ಮರೆಯಿಂದ, ಮಣ್ಣೇ ಬಾಯಿ ಬಿಟ್ಟಂತೆ, ಗಡುಸು ದನಿಯೊಂದು ಬಂತು:

“ಸಾರು ಮಾಡ್ದೋಳು ಯಾವಳ್ಲಾ? ಒಗ್ಗರಣೆ ಎಲ್ಲಿ?”

ಶ್ರೀಕಾಂತ್ ಕಬ್ಬಿನ ಗದ್ದೆಯೊಳಕ್ಕೆ ಓಡಿಬಿಟ್ಟ. ಅದು ಕಥೆಯಲ್ಲಿರಲಿಲ್ಲ. ಆದರೂ ‘ಇನ್ನೊಂದ್ಸಲ’ ಎನ್ನಲು ಶೋಭಿತಾಗೆ ಬಾಯಿ ಬರಲಿಲ್ಲ.