ಹಂಗಳದ ಬೇಲಿ ಸತ್ತದ್ದು ಹೇಗೆ

"ಮಾಡ್ದೋರ್ ಹೆಸ್ರು ಒಂದ್ ಹೇಳಿ ಮೇಡಮ್ಮೋರೆ. ಮಿಕ್ಕಿದ್ದ ನಾನ್ ನೋಡ್ಕತೀನಿ" ಎಂದಳು ಹಂಗಳದ ಗುರುಸಿದ್ದಮ್ಮ, ಚಾಮರಾಜನಗರದ ಸುಧಾಮಣಿಯವರ ಮನೆ ಹೊಸ್ತಿಲಲ್ಲೇ ನಿಂತು.

ಸುಧಾಮಣಿ ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಕಂಪ್ಯೂಟರಿನ ಸಿ ಭಾಷೆ ಕಲಿಸಿ ನಿವೃತ್ತರಾದವರು, ಈಗ ಊರಿನ ಪತ್ತೇದಾರರು. ಗಂಡ ನೀಲಕಂಠಸ್ವಾಮಿ ಬಸ್ ಕಂಡಕ್ಟರಾಗಿದ್ದವರು. ಕೋಡಿನ ಗಂಧಗಾಳಿ ಇಲ್ಲದಿದ್ದರೂ ಹೆಂಡತಿ ಹೋದಲ್ಲೆಲ್ಲ ಚೀಲ ಹಿಡಿದು ಹೋಗುತ್ತಿದ್ದರು. ಗುರುಸಿದ್ದಮ್ಮನ ಕಣ್ಣು ನೋಡಿ ಅವರಿಗೆ ಕಾಫಿ ಕೇಳಲೂ ಬಾಯಿ ಬರಲಿಲ್ಲ.

ಆನೆ ತಡೆಯಲು ಆಕೆಯ ಹೊಲಕ್ಕೆ ಸೋಲಾರ್ ಬೇಲಿ ಹಾಕಿಸಿದ್ದರು. ಬೇಲಿಗೆ ಕರೆಂಟ್ ಬಿಡುವ ಪೆಟ್ಟಿಗೆ ಒಂದು ಸಂಜೆ ಇದ್ದಕ್ಕಿದ್ದಂತೆ ನಿಂತುಹೋಯಿತು. ನುಗ್ಗಿದ ಆನೆ ಅವಳ ಗಂಡ ಮಹದೇವಪ್ಪನನ್ನು ತುಳಿದದ್ದರಿಂದ ಅವನ ಬಲಗಾಲನ್ನೇ ತೆಗೆಯಬೇಕಾಯಿತು. ಪೆಟ್ಟಿಗೆಯ ಕೋಡ್ ಬರೆದ ಮೇಘನಾಳ ಕಡೆಗೇ ಎಲ್ಲರ ಬೆರಳು.

ಸುಧಾಮಣಿ ಅಂದೇ ಗುಂಡ್ಲುಪೇಟೆಯ ಬೇಲಿ ಕಂಪನಿಗೆ ಹೋಗಿ ಕೋಡಿದ್ದ ಒಂದೇ ಲ್ಯಾಪ್‌ಟಾಪನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಕಂಪನಿಯ ಒಂದೇ ಒಂದು ಫೋನಿನ ಮೆಸೇಜಿಗೆ ಆ ಪೆಟ್ಟಿಗೆ ಬಗ್ಗುತ್ತಿತ್ತು. ಆ ಫೋನು ಮೇಘನಾ, ಬೇಲಿ ಕಟ್ಟುವ ದೇವರಾಜು ಮತ್ತು ಹಿರಿಯ ಇಂಜಿನಿಯರ್ ರಘುನಾಥ, ಈ ಮೂವರ ಕೈಗೂ ಸಿಗುತ್ತಿತ್ತು. ಕೋಡಿನಲ್ಲಿ ತಾನೇ ದೋಷ ಹುಡುಕುವ ಸ್ಕ್ಯಾನರ್ ಎಂಬ ಪ್ರೋಗ್ರಾಂ ಓಡಿಸುವುದು ರಘುನಾಥನ ಕೆಲಸ.

"ಸ್ಕ್ಯಾನರ್ ಏನೂ ದೋಷ ಇಲ್ಲ ಅಂತು ಮೇಡಂ. ಕೋಡ್ ನಾನು ತೆರೆದೇ ನೋಡಿಲ್ಲ" ಎಂದ ಅವನು.

ಸ್ಕ್ಯಾನರಿನ ವರದಿ ಓದಿ ಸುಧಾಮಣಿಯವರ ಹುಬ್ಬು ಗಂಟಾಯಿತು.

"ಒಂದೂ ದೋಷ ಇಲ್ಲ ಅಂದ್ರೆ ಒಳ್ಳೇದೇ ಅಲ್ವೇನೆ?" ಎಂದರು ನೀಲಕಂಠಸ್ವಾಮಿ.

"ಸಿ ಕೋಡಿಗೆ ಸ್ಕ್ಯಾನರ್ ಬಿಟ್ರೆ ಸುಮ್ಮಸುಮ್ಮನೆಯಾದ್ರೂ ನಾಲ್ಕು ಕಡೆ ಬೊಗಳತ್ತೆ ರೀ. ಇದರ ಬಾಯಿ ಯಾರೋ ಕಟ್ಟಿದ್ದಾರೆ."

ಮೂರನೆಯ ದಿನ ಆ ಮೂವರನ್ನೂ ಗುರುಸಿದ್ದಮ್ಮನನ್ನೂ ಮನೆಗೆ ಕರೆಸಿದರು. ಜಗುಲಿಯಲ್ಲಿ ಇಬ್ಬರು ಪೊಲೀಸರು ಕೂತಿದ್ದರು.

"ಬಂದ ಮೆಸೇಜ್ ಎಷ್ಟುದ್ದ ಅಂತ ನೋಡದೆ ನಕಲು ಮಾಡೋ ಸಾಲೊಂದು ಕೋಡಿನಲ್ಲಿದೆ. ಇಟ್ಟ ಜಾಗಕ್ಕಿಂತ ಉದ್ದದ ಮೆಸೇಜ್ ಬಂದ್ರೆ ಪೆಟ್ಟಿಗೆ ನಿಂತೇಹೋಗುತ್ತೆ. ಆ ಸಾಲು ಬರೆದದ್ದು ಮೇಘನಾ. ಅದು ತಪ್ಪೇ" ಎಂದರು ಸುಧಾಮಣಿ. ಮೇಘನಾ ತಲೆ ತಗ್ಗಿಸಿದಳು. "ಆದರೆ ಪಕ್ಕದಲ್ಲೇ, ಈ ಸಾಲನ್ನು ನೋಡಬೇಡ ಅಂತ ಸ್ಕ್ಯಾನರಿಗೆ ಹೇಳೋ ಗುರುತಿದೆ. ತಪ್ಪು ಕಂಡವರು ತಾನೇ ಅದನ್ನು ಮುಚ್ಚೋದು? ಅವರೇ ಉದ್ದದ ಮೆಸೇಜ್ ಕಳಿಸಿ ಪೆಟ್ಟಿಗೆ ಕೊಂದರು."

"ಹದಿನಾರು ಅಕ್ಷರದ ಜಾಗಕ್ಕೆ ಅಷ್ಟುದ್ದ ಸುರಿದ್ರೆ ಇನ್ನೇನಾಗುತ್ತೆ? ಗುರುತೂ ಇವಳೇ ಹಾಕಿರ್ತಾಳೆ" ಎಂದ ರಘುನಾಥ.

"ಹದಿನಾರು ಅಂತ ನಾನು ಹೇಳಲಿಲ್ಲವಲ್ಲ. ಕೋಡ್ ತೆರೆದೇ ನೋಡಿಲ್ಲ ಅಂದವರು ನೀವು. ಆವತ್ತಿನಿಂದ ಲ್ಯಾಪ್‌ಟಾಪ್ ನನ್ನ ಬೀರುವಿನಲ್ಲಿದೆ, ಆಮೇಲೆ ನೋಡಿರೋದಕ್ಕೂ ಆಗಲ್ಲ. ದೇವರಾಜುಗೆ ಕೋಡ್ ಓದಕ್ಕೆ ಬರಲ್ಲ. ಮೇಘನಾಗೆ ತಪ್ಪು ಕಂಡಿದ್ರೆ ತಿದ್ದುತ್ತಿದ್ದಳೇ ಹೊರತು, ತನ್ನ ಮುಖಕ್ಕೆ ತಾನೇ ಮಸಿ ಬಳ್ಕೊಳ್ತಿರಲಿಲ್ಲ."

ರಘುನಾಥ ಮೇಘನಾಳ ಕಡೆ ಬೆರಳು ತೋರಿಸಿದ. "ಮೊದಲು ನಾನು ಹಾಕಿಕೊಟ್ಟ ಬೇಲಿ ದಂಡ, ಈ ಹುಡುಗಿ ಬೇಲಿನೇ ಬೇಲಿ ಅಂತ ಮಹದೇವಪ್ಪ ಹತ್ತು ಜನರ ಮುಂದೆ ಆಡ್ಕೊಂಡ. ಇವಳ ಮಾನ ಹೋಗ್ಲಿ ಅಂತ ಮಾಡಿದೆ. ಅದೇ ಸಂಜೆ ಆನೆ ಬರುತ್ತೆ ಅಂದ್ಕೊಂಡಿರಲಿಲ್ಲ."

ಬಸ್ಸಿನಲ್ಲಿ ಎಷ್ಟೋ ಜಗಳ ಬಿಡಿಸಿದ್ದ ನೀಲಕಂಠಸ್ವಾಮಿಗೆ ಅಂದು ಯಾರನ್ನೂ ಸಮಾಧಾನ ಮಾಡುವ ಮನಸ್ಸಾಗಲಿಲ್ಲ. ರಘುನಾಥನಿಗೆ ಆಗಬೇಕಾದ್ದೇ ಎನಿಸಿತು.

ಗುರುಸಿದ್ದಮ್ಮ ಎದ್ದು ರಘುನಾಥನ ಮುಂದೆ ನಿಂತಳು. "ನನ್ ಗಂಡನ ಕಾಲ ವಾಪಸ್ ತಂದ್ಕೊಡು. ಈಗ್ಲೇ ಬುಟ್ಬುಡ್ತೀನಿ."

ಆಮೇಲೆ ತಾನೇ ಬಾಗಿಲು ತೆಗೆದು ಪೊಲೀಸರಿಗೆ, "ಇವ್ನೇ ಕಣಪ್ಪ. ಎಳ್ಕಂಡ್ ಓಗಿ" ಎಂದಳು.