ಅಪ್ಪನ ನಂಬರ್

"ಆ ಕುರ್ಚಿ ಮೇಲೆ ಕೂತ್ಕೋಬೇಡಿ!"

ಅರ್ಧ ಕೂತಿದ್ದ ಹೊಸ ನೆಟ್‌ವರ್ಕ್ ಇಂಜಿನಿಯರ್ ಬೆಚ್ಚಿ ಎದ್ದು ನಿಂತ. ಕೊರಳಲ್ಲಿ ನೀಲಿ ಕೇಬಲ್ ಮಾಲೆಯಂತೆ ಜೋತಾಡುತ್ತಿತ್ತು. ಸರ್ವರ್ ಕೋಣೆಯ ಬಾಗಿಲಲ್ಲಿ ಬಿಲ್ಲಿಂಗ್ ವಿಭಾಗದ ಹುಡುಗಿ ನಿಂತಿದ್ದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

"ಸಾರಿ ಮೇಡಂ... ಮುರಿದಿದೆಯಾ?"

"ಇಲ್ಲ. ನಮ್ಮಪ್ಪನದು."

ಆ ಔಷಧಿ ಗೋದಾಮಿನ ಒಂದೊಂದು ತಂತಿಯನ್ನೂ ಎಳೆದವರು ಅವಳ ಅಪ್ಪ. ಹಿಂದಿನ ತಿಂಗಳಷ್ಟೇ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ದೇವರು ಕರೆಸಿಕೊಂಡ. ಅವರ ಕೆಲಸಕ್ಕೆ ಇವನು ಬಂದಿದ್ದ.

ಅಂದಿನಿಂದ ಅವಳು ಆ ಕೋಣೆಗೆ ಕಾಲಿಡಲಿಲ್ಲ.

ರವಾನೆ ವಿಭಾಗದ ಅಕ್ಕ ಅವನಿಗೆ 'ಕೇಬಲ್ ಸ್ವಾಮಿ' ಎಂದು ಹೆಸರಿಟ್ಟಳು. ಎಲ್ಲರೂ ನಕ್ಕರು, ಅವನೂ ನಕ್ಕ. ಅವನ ಆ ನಗು ಕೇಳಿದಾಗಲೆಲ್ಲ ಅವಳ ಬೆರಳು ಬಿಲ್ಲಿನಲ್ಲಿ ತಪ್ಪುತ್ತಿತ್ತು.

ಅಪ್ಪನ ಜಾಗಕ್ಕೆ ಬಂದವನು ಇಷ್ಟವಾಗುವುದೇ... ಛೇ! ನಾನೆಂಥ ಮಗಳು!

ತಿಂಗಳುಗಳು ಉರುಳಿದವು. ಹೊಸ ಬಿಲ್ ಪ್ರಿಂಟರ್ ಬಂತು. ಊಟದ ಹೊತ್ತಾದರೆ ಸಾಕು, ಅದು ಮೂಗನಂತೆ ಕೂತುಬಿಡುತ್ತಿತ್ತು! ಲಾರಿಗಳು ಗೇಟಿನಲ್ಲಿ ನಿಂತವು. ಔಷಧಿ ಎಲ್ಲಿ ಎಂದು ಆಸ್ಪತ್ರೆಗಳಿಂದ ಕರೆಗಳು ಬಂದವು.

"ಮಧ್ಯಾಹ್ನ ಆದ್ರೆ ಇದಕ್ಕೇನು ದೆವ್ವ ಹಿಡಿಯುತ್ತಾ?" ಮ್ಯಾನೇಜರ್ ಕೂಗಾಡಿದರು.

"ಸರ್, ಯಾವುದೋ ಹಳೇ ಫೋನು ಆ ಹೊತ್ತಿಗೆ ನಮ್ಮ ನೆಟ್‌ವರ್ಕ್‌ಗೆ ಬರ್ತಿದೆ. ಅದಕ್ಕೂ ಪ್ರಿಂಟರ್‌ಗೂ ಒಂದೇ ವಿಳಾಸದ ನಂಬರ್. ಎರಡು ಮನೆಗೆ ಒಂದೇ ನಂಬರ್ ಇದ್ರೆ ಅಂಚೆಯವನು ಯಾವ ಬಾಗಿಲು ತಟ್ತಾನೆ?" ಎಂದ ಇಂಜಿನಿಯರ್.

"ಯಾರದ್ದಾದ್ರೂ ಸರಿ, ಆ ಫೋನ್ ಹುಡುಕಿ ಪೂರ್ತಿ ಅಳಿಸಿಬಿಡಿ!"

ಪ್ರಿಂಟರ್ ಬಳಿ ನಿಂತಿದ್ದ ಅವಳಿಗೆ ಆಗಲೇ ಹೊಳೆದದ್ದು. ಅದು ಅಪ್ಪನ ಫೋನು! ಊಟದ ಹೊತ್ತಿಗೆ ಅದನ್ನು ಆನ್ ಮಾಡಿ, ಅವರು ಅದರಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ಮಾತನ್ನು ಕೇಳಿಸಿಕೊಂಡರೇ ಅವಳಿಗೆ ತುತ್ತು ಇಳಿಯುತ್ತಿದ್ದುದು. ಇಂದೂ ಆನ್ ಮಾಡಿ ತನ್ನ ಮೇಜಿನ ಮೇಲಿಟ್ಟು ಬಂದಿದ್ದಳು. ಅಡ್ಡಗಟ್ಟಿದ ಲಾರಿಯವರನ್ನು ಸಮಾಧಾನಿಸಿ ಅವಳು ಅಲ್ಲಿಗೆ ಓಡುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು.

ಮೇಜು ಖಾಲಿ!

"ಕೇಬಲ್ ಸ್ವಾಮಿ ಬಂದು ಯಾರದು ಅಂದ. ನಿನ್ನದು ಅಂತ ಹೇಳಿ ನಾನೇ ಕೊಟ್ಟೆ ಕಣಮ್ಮ," ಎಂದಳು ಅಕ್ಕ. "ಯಾಕೆ, ಮುಖ ಹೀಗಾಯ್ತು?"

ಅವಳು ಸರ್ವರ್ ಕೋಣೆಗೆ ನುಗ್ಗಿದಳು. ಫೋನಿಗೆ ತಂತಿ ಸಿಕ್ಕಿಸಿತ್ತು.

"ಅಳಿಸಿಬಿಟ್ರಾ? ಅದ್ರಲ್ಲಿ ನಮ್ಮಪ್ಪನ ದನಿ ಇತ್ತು ಕಣ್ರೀ! ಎಂಥಾ ಕಲ್ಲು ಮನಸ್ಸು ನಿಮ್ದು..."

"ಚಾರ್ಜ್ ಮುಗೀತಾ ಬಂದಿತ್ತು, ಹಾಕಿದೀನಿ ಅಷ್ಟೇ." ಅವನು ಎರಡೂ ಕೈಯಲ್ಲಿ ಫೋನನ್ನು ಚಾಚಿದ. "ನೀವೇ ನೋಡ್ಕೊಳ್ಳಿ."

ಅವಳು ಫೋನ್ ಕಸಿದುಕೊಂಡು ಒತ್ತಿದಳು.

"ಊಟ ಆಯ್ತಾ ಮಗಳೇ? ತಡ ಮಾಡ್ಬೇಡ."

ಅಪ್ಪ! ಇದ್ದಾರೆ... ಹಾಗೇ ಇದ್ದಾರೆ!

ಅವಳು ಬಾಗಿಲಿಗೆ ಒರಗಿ ಬಿಕ್ಕಿದಳು. ಅದೇ ಹೊತ್ತಿಗೆ ಹೊರಗೆ ಪ್ರಿಂಟರ್ ಸರಸರ ಬಿಲ್ ಹೊಡೆಯತೊಡಗಿತು.

"ಫೋನ್ ಆನ್ ಇದೆ... ಆದ್ರೂ ಪ್ರಿಂಟರ್ ಓಡ್ತಿದೆಯಲ್ಲ, ಅದು ಹೇಗೆ?"

"ಪ್ರಿಂಟರ್‌ಗೆ ಬೇರೆ ನಂಬರ್ ಕೊಟ್ಟೆ. ಫೋನಿನದು ನಿಮ್ಮಪ್ಪ ತಮ್ಮ ಕೈಯಾರೆ ಹಾಕ್ಕೊಂಡಿದ್ದ ನಂಬರು. ವಿಚಾರಿಸದೆ ಪ್ರಿಂಟರ್‌ಗೆ ಕೊಟ್ಟಿದ್ದು ನನ್ನ ತಪ್ಪು. ಸಾಹೇಬ್ರ ಹತ್ರ ಒಪ್ಕೊಂಡೆ, ಬೈಸ್ಕೊಂಡೆ. ಇನ್ನು ಅದು ಅವರದ್ದೇ, ಬೇರೆ ಯಾರಿಗೂ ಹೋಗಲ್ಲ."

ಎದೆಯ ಮೇಲಿನ ಬಂಡೆ ಇಳಿದಂತಾಯಿತು ಅವಳಿಗೆ. ಕಣ್ಣೊರೆಸಿಕೊಂಡು ನೋಡಿದಾಗಲೇ ಕಂಡಿದ್ದು: ಅವನು ಕೂತಿದ್ದುದು ಕೇಬಲ್ ಬಂದಿದ್ದ ಮರದ ಪೆಟ್ಟಿಗೆಯ ಮೇಲೆ! ಅಪ್ಪನ ಕುರ್ಚಿ ಮೂಲೆಯಲ್ಲಿ, ಧೂಳು ಕೂರದಂತೆ ಬಟ್ಟೆ ಹೊದ್ದು ನಿಂತಿತ್ತು.

"ಇಷ್ಟು ದಿನಾನೂ ಇದ್ರ ಮೇಲೇನಾ?"

"ನೀವು ಬೇಡ ಅಂದಿದ್ರಲ್ಲ."

"ಸೊಂಟ ನೋಯಲ್ವೇನ್ರೀ?"

"ನೋಯುತ್ತೆ." ಅವನು ತಲೆ ತಗ್ಗಿಸಿದ. "ಆದ್ರೆ... ಅವತ್ತು ನೀವು ಬೈದ್ರಲ್ಲ, ಅವತ್ತಿಂದ ನೀವಂದ್ರೆ ನಂಗೆ ಇಷ್ಟ."

"ಬೈಸ್ಕೊಂಡು ಇಷ್ಟಪಟ್ರಾ!" ಅಳುವಿನ ನಡುವೆಯೇ ನಗು ಬಂತು. "ನಂಗೂ ಇಷ್ಟ. ಹೇಳೋಕೆ ಭಯ ಇತ್ತು..."

ಅವಳು ಕುರ್ಚಿಯ ಮೇಲಿನ ಬಟ್ಟೆ ತೆಗೆದು, ಅವನ ಬಳಿಗೆ ಎಳೆದು ತಂದಳು.

"ಕೂತ್ಕೊಳ್ಳಿ."

"ನಿಮ್ಮಪ್ಪ..."

"ಅವರಿದ್ದಿದ್ರೆ ಅವರೇ ಕೂರಿಸ್ತಿದ್ರು."

ಅವನು ಕುರ್ಚಿಯ ಕೈಗಳನ್ನು ಮುಟ್ಟಿ ನಮಸ್ಕರಿಸಿ, ಮೆಲ್ಲನೆ ಕೂತ. ಅಪ್ಪ ಕೂತಾಗ ಆಗುತ್ತಿದ್ದಂತೆಯೇ ಕಿರ್ರೆಂದಿತು.

"ಊಟ ಆಯ್ತಾ?" ಕೇಳಿದಳು.

"ಇಲ್ಲ."

"ತಡ ಮಾಡ್ಬಾರ್ದು. ಏಳ್ಬೇಡಿ... ನನ್ನ ಡಬ್ಬಿ ಇಲ್ಲಿಗೇ ತರ್ತೀನಿ."