ಆಡದೆ ಉಳಿದ ಪಂದ್ಯ

“ಮುಟ್ಟಬೇಡಿ... ಏನೂ ಆಗಿಲ್ಲ.”

ಕೆಸರಿನಲ್ಲಿ ಬಿದ್ದುಕೊಂಡೇ ಕರ್ಟಿಸ್ ಹೆಪ್ವರ್ತ್ ರೋಜ್‌ಗೆ ಹೇಳಿದ ಮೊದಲ ಮಾತು ಅದು. ಹಾರ್ಲ್‌ಬಿ ಟೌನ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಗಾಯ ನೋಡಿಕೊಳ್ಳುವ ಫಿಸಿಯೋ ಆಗಿ ಅವಳಿಗದು ಮೊದಲ ಪಂದ್ಯ. ಅವನು ಎಡ ಅಂಚಿನಲ್ಲಿ ಓಡುವ ವಿಂಗರ್. ಊರೂರ ಕ್ಲಬ್ಬುಗಳನ್ನು ಸುತ್ತಿ ಬಂದವನು, ಎಲ್ಲವೂ ನಾಲ್ಕನೇ ದರ್ಜೆಯವೇ.

ಗ್ಯಾಲರಿಯಿಂದ ಯಾರೋ ಕೂಗಿದರು. “ಲೇ ಹೆಪ್ವರ್ತ್, ನಮ್ಮಜ್ಜಿನ ಇಳಿಸ್ಲಾ? ನಿನಗಿಂತ ಜೋರಾಗಿ ಓಡ್ತಾಳೆ!”

“ಕಳ್ಸು, ಬೂಟ್ಸ್ ನಾನೇ ಕೊಡ್ತೀನಿ,” ಎಂದು ಕರ್ಟಿಸ್ ಹಲ್ಲು ಕಚ್ಚಿಕೊಂಡು ನಕ್ಕ.

ಮೊಣಕಾಲು ಊದಿದ್ದನ್ನು ರೋಜ್ ಕಂಡಳು. ಆ ನಗುವನ್ನೂ ಕಂಡಳು. ಅವಳ ಕಷ್ಟ ಶುರುವಾದದ್ದು ಅಲ್ಲಿಂದಲೇ.

ಎರಡು ವರ್ಷ ಅದೇ ಮೊಣಕಾಲಿಗೆ ಐಸ್ ಕಟ್ಟಿದಳು, ಪ್ರತಿ ಶನಿವಾರದ ಪಂದ್ಯಕ್ಕೆ ಹೇಗೋ ಅವನನ್ನು ಎದ್ದು ನಿಲ್ಲಿಸಿದಳು. ಮನಸ್ಸಿನಲ್ಲಿದ್ದದ್ದನ್ನು ಮಾತ್ರ ಬಾಯಿಗೆ ತರಲಿಲ್ಲ.

ಈ ವಸಂತದಲ್ಲಿ ಅವನಿಗೆ ಒಂದೇ ಒಂದು ಪಂದ್ಯ ಬೇಕಿತ್ತು. ಇಷ್ಟು ಪಂದ್ಯ ಆಡಿದರೆ ಕರಾರು ಮುಂದುವರಿಯಬೇಕು ಎಂದಿತ್ತು, ಆ ಲೆಕ್ಕಕ್ಕೆ ಒಂದೇ ಕಡಿಮೆ. ಇನ್ನೊಂದು ಸಲ ಮೈದಾನಕ್ಕಿಳಿದರೆ ಮತ್ತೊಂದು ವರ್ಷದ ಕೆಲಸ ತಾನಾಗಿಯೇ ಸಿಗುತ್ತದೆ. ಸಂಬಳ ಉಳಿಸಲು ಅಂಥವರನ್ನು ಬೇಕೆಂದೇ ಆಡಿಸದೆ ಬೆಂಚಿನ ಮೇಲೆ ಕೂರಿಸುವುದು ಕ್ಲಬ್ಬುಗಳ ಹಳೆಯ ಚಾಳಿ. ಆದರೆ ಬೇರೆ ವಿಂಗರ್‌ಗಳೆಲ್ಲ ಗಾಯಗೊಂಡು ಮಲಗಿದ್ದರಿಂದ ಸೀಸನ್ನಿನ ಕೊನೆಯ ಶನಿವಾರ ಮ್ಯಾನೇಜರ್ ಅವನನ್ನೇ ಆರಿಸಬೇಕಾಯಿತು. ಫಿಸಿಯೋ ಹೂಂ ಎನ್ನುವುದಷ್ಟೇ ಬಾಕಿ.

ರೋಜ್ ಮೊಣಕಾಲು ಒತ್ತಿ ನೋಡಿದಳು. “ಆಗಲ್ಲ.”

“ನೋವು ಗೊತ್ತಾಗದ ಹಾಗೆ ಇಂಜೆಕ್ಷನ್ ಹಾಕ್ಸು.”

“ಆಗಲ್ಲ ಕರ್ಟಿಸ್.”

“ಕ್ಲಬ್ಬಿನ ಚೇರ್ಮನ್ ಹೇಳ್ಕೊಟ್ಟನಾ?” ಅವನು ಕಾಲು ಎಳೆದುಕೊಂಡ. “ಅವನಿಗೆ ನನ್ನ ಸಂಬಳ ಉಳಿಸ್ಕೊಟ್ಟೆ. ಒಳ್ಳೆ ನಾಯಿ ಕಣೆ ನೀನು.”

ಅಲ್ಲ ಎನ್ನಲು ಬಾಯಿ ತೆರೆದಳು... ‘ನಿಜವಾದ ಕಾರಣ ಕೇಳಿದರೆ ಇವನು ಏನಂದುಕೊಳ್ಳುತ್ತಾನೆ?’ ಚೀಟಿಯಲ್ಲಿ ‘ಆಡುವಂತಿಲ್ಲ’ ಎಂದು ಬರೆದಳು.

ಮೇ ತಿಂಗಳಲ್ಲಿ ಕ್ಲಬ್ ಅವನನ್ನು ಕೈಬಿಟ್ಟಿತು. ಮೂವತ್ತು ದಾಟಿದ ವಿಂಗರ್‌ಗೆ ಯಾರೂ ಫೋನ್ ಮಾಡಲಿಲ್ಲ. ಊರಾಚೆಯ ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ.

ಜುಲೈಯಲ್ಲಿ ಹೊಸ ಆಟಗಾರರು ಅಭ್ಯಾಸಕ್ಕೆ ಬಂದ ದಿನ ರೋಜ್‌ಗೆ ತಡೆಯಲಾಗಲಿಲ್ಲ. ಗೋದಾಮಿನ ಗೇಟಿಗೆ ಹೋಗಿ ಕಾದಳು. ಸಂಜೆ ಅವನು ಕುಂಟುತ್ತ ಬಂದ.

“ಚೇರ್ಮನ್ ಏನೂ ಹೇಳಿರಲಿಲ್ಲ,” ಎಂದಳು. “ಆ ಪಂದ್ಯ ನೀನು ಆಡಬಹುದಿತ್ತೇನೋ. ಬೇರೆಯವರ ಕಾಲಾಗಿದ್ರೆ ಇಂಜೆಕ್ಷನ್ ಹಾಕ್ಸಿ ಕಳಿಸ್ತಿದ್ದೆ. ನಿನ್ನ ಕಾಲು... ಹಾಳಾಗೋಕೆ ಬಿಡೋ ಮನಸ್ಸು ಬರಲಿಲ್ಲ. ನಿನ್ನ ಮೇಲೆ ಜೀವ ಇಟ್ಕೊಂಡಿದೀನಿ ಕರ್ಟಿಸ್. ಅದನ್ನ ಹೇಳೋ ಧೈರ್ಯ ಇಲ್ದೆ ನಿನ್ನ ಅನ್ನ ಕಿತ್ಕೊಂಡೆ.”

ಅವನು ಗೇಟಿಗೆ ಒರಗಿದ. ಸಿಟ್ಟು ಬರಬೇಕಿತ್ತು, ಬಂತು ಕೂಡ.

“ಅವತ್ತೇ ಹೇಳಿದ್ರೂ ನಾನು ಆಡ್ತಿದ್ದೆ.”

“ಗೊತ್ತು.”

“ಇವತ್ತೂ ನಿನ್ನ ಕ್ಷಮಿಸಿಲ್ಲ.”

“ಅದೂ ಗೊತ್ತು. ಬೆಳಿಗ್ಗೆ ಕ್ಲಬ್ಬಿಗೆ ರಾಜೀನಾಮೆ ಕೊಟ್ಟು ಬಂದೆ. ಇನ್ನೊಬ್ಬರ ಕಾಲಿಗೆ ಕೈ ಹಾಕೋ ಯೋಗ್ಯತೆ ನಂಗಿಲ್ಲ.”

ಕರ್ಟಿಸ್ ಮುಖ ಆ ಕಡೆ ತಿರುಗಿಸಿದ. ಕಣ್ಣು ತುಂಬಿತ್ತು.

“ಶನಿವಾರ ಬಂದ್ರೆ ಏನ್ಮಾಡ್ಬೇಕು ಅಂತಾನೇ ಗೊತ್ತಾಗಲ್ಲ ರೋಜ್. ಸುಮ್ನೆ ಗೋಡೆ ನೋಡ್ತಾ ಕೂರ್ತೀನಿ...”

“ಒಬ್ಬನೇನಾ?”

“ಇನ್ಯಾರಿದಾರೆ?” ಮೊಣಕಾಲು ನೀವಿಕೊಳ್ಳುತ್ತ ಹೇಳಿದ, “ಬರೋದಾದ್ರೆ ಶನಿವಾರ ಮನೆಗೆ ಬಾ. ಆದ್ರೆ ಟೀ ನೀನೇ ಮಾಡ್ಬೇಕು. ಸಂಜೆ ಹೊತ್ತಿಗೆ ನಂಗೆ ಈ ಕಾಲ ಮೇಲೆ ನಿಲ್ಲೋಕಾಗಲ್ಲ.”

“ನಿಲ್ಲಬೇಡ,” ಎಂದು ಅವಳು ಅವನ ತೋಳು ಹಿಡಿದಳು. “ಕೂತ್ಕೊ.”